ಅಂಗಿಯ ಮೇಲಿನ ಹೆಸರು

ಕಳೆದ ಅಕ್ಟೋಬರಿನಲ್ಲಿ, ಅಮೆರಿಕದ ನಾವಿರುವ ಊರಿನಲ್ಲಿ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಸ್ಥಿತಿ) ಇರುವವರಿಗಾಗಿ ನಡೆದ ‘ಬಡಿ ವಾಕ್’ ಎಂಬ ನಡಿಗೆಯ ಚಿತ್ರಗಳನ್ನು ಕೊಪ್ಪಳದ ಚಿಗವ್ವನಿಗೆ ಕಳುಹಿಸಿದಾಗ ಆಕೆ ಕೇಳಿದ್ದು ಒಂದೇ ಮಾತು: “ಹಿಂಗ ಮಂದಿ ಮುಂದ ತೋರಿಸ್ಕೊಂತ ಅಡ್ಡಾಡಿದ್ರ ಇಂಥ ಮಕ್ಕಳ ಅಕ್ಕ-ತಂಗೇರ ಲಗ್ನ ಹೆಂಗ ಆಗಬೇಕೋ ತಮ್ಮಾ?” ಚಿಗವ್ವ ಕೆಟ್ಟವಳಲ್ಲ, ಆದರೂ ಆ ಮಾತು ಚುಚ್ಚಿತು.

ಡೌನ್ ಸಿಂಡ್ರೋಮ್ ಇರುವವರನ್ನು ಮುಂದಿಟ್ಟುಕೊಂಡು 1995ರಿಂದ ನಡೆದುಬಂದಿರುವ ಈ ನಡಿಗೆಯಲ್ಲಿ ಕುಟುಂಬಗಳು ತಮ್ಮ ತಮ್ಮ ತಂಡ ಕಟ್ಟಿಕೊಂಡು ಬರುತ್ತವೆ. ನನ್ನ ಸಹೋದ್ಯೋಗಿಯ ತಂಡದಲ್ಲಿ ಮಗಳ ಹೆಸರನ್ನು ಅಂಗಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿದ್ದರು. ಅವಳ ಅಜ್ಜ, ಶಾಲೆಯ ಶಿಕ್ಷಕಿ, ಪಕ್ಕದ ಮನೆಯವರು ಎಲ್ಲರೂ ಅದನ್ನೇ ತೊಟ್ಟಿದ್ದರು. ದಿನಸಿ ಅಂಗಡಿಯಲ್ಲಿ ದುಡಿಯುವ ಆ ಹುಡುಗಿ, ನಾನು ಹಿಂದೆ ಬೀಳುತ್ತಿದ್ದೇನೆಂದು ದಾರಿಯುದ್ದಕ್ಕೂ ಗದರಿಸಿದಳು.

ಕೊಪ್ಪಳದ ನಮ್ಮ ಓಣಿಯಲ್ಲೂ ಅಂಥ ಹುಡುಗನಿದ್ದಾನೆ. ಅವನ ಅಕ್ಕನನ್ನು ನೋಡಲು ವರನ ಕಡೆಯವರು ಬರುವ ದಿನ ಅವನನ್ನು ಯಲಬುರ್ಗಾದ ಅಜ್ಜಿಯ ಮನೆಗೆ ಕಳುಹಿಸುತ್ತಿದ್ದರು. ಗ್ರಹಣದ ಹೊತ್ತಿನಲ್ಲಿ ತಾಯಿ ಹೊರಗೆ ಬಂದಿದ್ದಳೆಂಬ ಮಾತು ಇನ್ನೂ ಸತ್ತಿಲ್ಲ. ಈ ಸ್ಥಿತಿಗೆ ಜೀವಕೋಶದಲ್ಲಿರುವ 21ನೆಯ ವರ್ಣತಂತುವಿನ (ಕ್ರೋಮೋಸೋಮ್) ಹೆಚ್ಚುವರಿ ಪ್ರತಿ ಕಾರಣವೆಂದು ಫ್ರಾನ್ಸಿನ ವೈದ್ಯ ಜೆರೋಮ್ ಲೆಜೂನ್ ಮತ್ತವರ ಸಂಗಡಿಗರು 1959ರಲ್ಲೇ ಪ್ರಕಟಿಸಿದ್ದರು, ಬಹುಪಾಲು ಪ್ರಕರಣಗಳಲ್ಲಿ ಅದು ಆಕಸ್ಮಿಕವಾಗಿಯೇ ಆಗುತ್ತದೆ. ಇಷ್ಟಾದರೂ ದೋಷವೆಲ್ಲ ತಾಯಿಯ ತಲೆಗೇ.

ಮುಚ್ಚಿಡುವುದರ ನಷ್ಟ ಮಾನ ಮರ್ಯಾದೆಗೆ ಮಾತ್ರ ಸಂಬಂಧಿಸಿದ್ದಲ್ಲ. ಇಂಥ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಥೈರಾಯ್ಡ್, ಕಿವಿ, ಕಣ್ಣುಗಳ ತಪಾಸಣೆಯೂ ಆಗಾಗ ಆಗಬೇಕು. ಮುಚ್ಚಿಟ್ಟ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು?

ಇಲ್ಲಿ ಅಮೆರಿಕದವರೂ ಮೊದಲಿನಿಂದ ಹೀಗಿದ್ದವರಲ್ಲ ಎಂಬುದನ್ನು ಹೇಳಲೇಬೇಕಾಗುತ್ತದೆ. ಮಕ್ಕಳನ್ನು ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಕೂಡಿಹಾಕಿ ಮರೆತ ದೇಶವಿದು. ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಷ್ಯ 1983ರಲ್ಲಿಯೂ ಸುಮಾರು 25 ವರ್ಷವಷ್ಟೇ ಇತ್ತು, ಈಗ ಸುಮಾರು 60. ನಡಿಗೆ ಮುಗಿದ ಮೇಲೆ ಆ ಹುಡುಗಿಯ ತಂದೆ, ವರ್ಷದ ಉಳಿದ ದಿನಗಳಲ್ಲಿ ಮನೆಯ ಬಾಗಿಲು ತಟ್ಟುವವರು ಯಾರೂ ಇಲ್ಲವೆಂದೂ, ತಾವು ಹೋದ ಮೇಲೆ ಮಗಳ ಗತಿಯೇನೆಂಬ ಚಿಂತೆ ತಮಗಿದೆಯೆಂದೂ ಹೇಳಿದರು.

ನಮ್ಮ ಓಣಿಯವನಿಗೆ ಆ ಒಂಟಿತನವಿಲ್ಲ, ಒಪ್ಪುತ್ತೇನೆ. ಅಕ್ಕನ ಲಗ್ನವಾದ ಮೇಲೆ ಸಂಜೆಯಾದರೆ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಅವನದೇ ದರ್ಬಾರು. ಚಹಾ ಯಾರೋ ಕೊಡಿಸುತ್ತಾರೆ, ಗವಿಮಠದ ಜಾತ್ರೆಯ ದಾಸೋಹದ ಪಂಕ್ತಿಯಲ್ಲಿ ಪಕ್ಕದವರು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿಸುತ್ತಾರೆ. ಆದರೆ ವಯಸ್ಸು ಮೂವತ್ತು ದಾಟಿದರೂ ಹೃದಯವನ್ನು ಸ್ಕ್ಯಾನ್ ಮಾಡಿ ನೋಡುವ ಎಕೋ ಪರೀಕ್ಷೆ ಅವನಿಗೆ ಒಮ್ಮೆಯೂ ಆಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದ ಮೇಲೂ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಲ್ಲ. ಹಾಕಿದರೆ ಮಗನ ವಿಷಯ ಕಾಗದದ ಮೇಲೆ ಬರುತ್ತದೆ, ನಾಳೆ ಮೊಮ್ಮಗಳಿಗೆ ವರ ಹುಡುಕುವಾಗ ಯಾರಾದರೂ ತೆಗೆದು ತೋರಿಸಿಯಾರು ಎಂಬುದು ಮನೆಯವರ ಲೆಕ್ಕ.