ಅಪ್ಪನ ಪುಲಕೇಶಿನಗರ, ಅವ್ವನ ಫ್ರೇಜರ್ ಟೌನ್

ಶಿವಾಜಿನಗರದ ಮೆಟ್ರೊ ನಿಲ್ದಾಣಕ್ಕೆ ಯಾರ ಹೆಸರಿಡಬೇಕು ಅನ್ನೋ ಜಗಳ ಶುರುವಾದಾಗಿನಿಂದ ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗುಂಪಿಗೆ ನಿದ್ದೆ ಇಲ್ಲ. ಸೇಂಟ್ ಮೇರಿ ಹೆಸರಿಡಲಿ ಅಂತ ಕೆಲವರು, ಶಂಕರ್‌ನಾಗ್ ಹೆಸರಿಡಲಿ ಅಂತ ಕೆಲವರು, ಇದ್ದದ್ದು ಇರಲಿ ಬಿಡಿ ಅಂತ ಉಳಿದವರು. ಅಲ್ಲಿಂದ ಮಾತು ಜಾರಿ ನಮ್ಮ ಬಡಾವಣೆಗೇ ಬಂತು, ಅಂದರೆ ಒಂದು ಕಾಲದ ಫ್ರೇಜರ್ ಟೌನ್, ಈಗಿನ ಪುಲಕೇಶಿನಗರಕ್ಕೆ. "ನಮ್ಮದನ್ನು ವಾಪಸ್ ಫ್ರೇಜರ್ ಟೌನ್ ಅಂತ ಮಾಡಿಸೋಣ" ಅಂತ ಒಬ್ಬರು ಹಾಕಿದರು. "ಕಾಕ್ಸ್ ಟೌನ್, ಕುಕ್ ಟೌನ್ ಇನ್ನೂ ಯಾಕಿವೆ? ಮೊದಲು ಅವನ್ನು ತೆಗೀಬೇಕು" ಅಂತ ಇನ್ನೊಬ್ಬರು. ನಾನು ನಾಲ್ಕು ಸಲ ಟೈಪ್ ಮಾಡಿದೆ, ನಾಲ್ಕು ಸಲವೂ ಅಳಿಸಿದೆ. ಎರಡು ಸಾಲಲ್ಲಿ ಹೇಳಿ ಮುಗಿಸೋ ವಿಷಯ ನನ್ನ ಪಾಲಿಗೆ ಇದಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ.

ಅಪ್ಪ ಬಾದಾಮಿ ಕಡೆಯವರು. ಆರ್‌ಎಂಎಸ್‌ನಲ್ಲಿ, ಅಂದರೆ ರೈಲ್ವೆ ಅಂಚೆ ಸೇವೆಯಲ್ಲಿ, ಸಾರ್ಟರ್ ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದು, ಕೋಲ್ಸ್ ಪಾರ್ಕಿನ ಹತ್ತಿರ ಒಂದು ಹಳೇ ಬಂಗಲೆಯ ಹಿಂಭಾಗದ ಎರಡು ಕೋಣೆ ಬಾಡಿಗೆಗೆ ಹಿಡಿದರು. ರಾತ್ರಿಯೆಲ್ಲ ನಿಂತುಕೊಂಡು ಕಾಗದಗಳನ್ನು ಊರೂರಿನ ಗೂಡಿಗೆ ಹಾಕುವ ಕೆಲಸ. ಬೆಳಗ್ಗೆ ಮನೆಗೆ ಬಂದಾಗ ಬೆರಳ ತುದಿಯೆಲ್ಲ ಕಪ್ಪಗಿರುತ್ತಿತ್ತು. 1972ರಲ್ಲಿ ಪಿನ್‌ಕೋಡ್ ಬಂದ ಮೇಲೂ ಅವರು ಮೊದಲು ನೋಡುತ್ತಿದ್ದದ್ದು ಊರಿನ ಹೆಸರನ್ನೇ. ವಿಳಾಸ ಅಂದರೆ ಅವರಿಗೆ ಮನುಷ್ಯನಿದ್ದ ಹಾಗೆ. ತಪ್ಪಾಗಿ ಬರೆದರೆ ಬೇಜಾರು ಮಾಡಿಕೊಳ್ಳುತ್ತಿದ್ದರು.

ಆ ಕಾಲದ ದಂಡು (ಕಂಟೋನ್ಮೆಂಟ್) ಪ್ರದೇಶದಲ್ಲಿ ಬಾದಾಮಿ ಕನ್ನಡ ಮಾತಾಡುವ ಒಬ್ಬ ಮನುಷ್ಯನ ಪಾಡು ಹೇಗಿತ್ತು ಅನ್ನೋದು ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಅಂಗಡಿಯಲ್ಲಿ ತಮಿಳು, ಬೀದಿಯಲ್ಲಿ ದಖನಿ, ಮನೆ ಓನರ್ ಹತ್ತಿರ ಇಂಗ್ಲಿಷು. ಪೇಟೆ ಕಡೆಯ ಬೆಂಗಳೂರೇ ಬೇರೆ, ದಂಡಿನ ಬೆಂಗಳೂರೇ ಬೇರೆ. 1809ರಲ್ಲಿ ಇಂಗ್ಲಿಷರು ಹಲಸೂರಿನ ಹತ್ತಿರ ದಂಡು ಕಟ್ಟಿದ ಮೇಲೆ, ಅವರ ಕೈಕೆಳಗಿದ್ದ ಈ ಭಾಗ ಮೈಸೂರಿನ ಆಡಳಿತಕ್ಕೆ ಮರಳಿ ಸೇರಿದ್ದು 1947ರಲ್ಲಿ. ಗೆರೆ ಅಳಿಸಿ ಎಷ್ಟೋ ವರ್ಷ ಆದರೂ ಅಪ್ಪನಂಥವರಿಗೆ ಕಬ್ಬನ್ ಪಾರ್ಕ್ ದಾಟಿದರೆ ಪರಸ್ಥಳಕ್ಕೆ ಬಂದ ಹಾಗೆ ಅನಿಸುತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಒಂದು ದಿನ ಡ್ಯೂಟಿ ಮುಗಿಸಿಕೊಂಡು ಬಂದು, ಚಹಾ ಕೂಡ ಕುಡಿಯದೆ ನನ್ನನ್ನು ಕರೆದರು. "ಯವ್ವಾ, ನಮ್ಮೂರ ಅರಸ ಇಲ್ಲೀತನಕ ಬಂದಾನ ನೋಡು." ಬಡಾವಣೆಗೆ ಪುಲಕೇಶಿನಗರ ಅಂತ ಹೆಸರು ಬಂದಿತ್ತು. ಆ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅವತ್ತೇ ಕೂತು ಊರಿನ ನೆಂಟರಿಗೆಲ್ಲ ಕಾರ್ಡು ಬರೆದರು. ವಿಷಯ ಏನೂ ಇಲ್ಲ. ಎಲ್ಲರೂ ಆರಾಮ, ಮಳೆ ಆಯಿತೇ, ಇಷ್ಟೇ. ಕೆಳಗೆ ಮಾತ್ರ ಹೊಸ ವಿಳಾಸ ದಪ್ಪಕ್ಷರದಲ್ಲಿ.

ಅಪ್ಪನಿಗೆ ಪುಲಕೇಶಿ ಪಠ್ಯಪುಸ್ತಕದ ಅರಸ ಆಗಿರಲಿಲ್ಲ. ಒಂದು ಬೇಸಿಗೆ ರಜೆಯಲ್ಲಿ ನಮ್ಮನ್ನು ಐಹೊಳೆಗೆ ಕರೆದುಕೊಂಡು ಹೋಗಿದ್ದರು. ಬಿಸಿಲಲ್ಲಿ ಮೇಗುತಿ ಗುಡ್ಡ ಹತ್ತಿಸಿ, ಗುಡಿಯ ಪೂರ್ವದ ಗೋಡೆಯಲ್ಲಿರುವ ಶಾಸನದ ಕಲ್ಲಿನ ಮುಂದೆ ನಿಲ್ಲಿಸಿದರು. ರವಿಕೀರ್ತಿ ಬರೆದದ್ದು, ಕ್ರಿ.ಶ. 634ರದ್ದು. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಹರ್ಷನ ಹರ್ಷವನ್ನೇ ಇಳಿಸಿದವನು ಇಮ್ಮಡಿ ಪುಲಕೇಶಿ ಅಂತ ಹೊಗಳಿರುವ ಕಲ್ಲು ಅದು. ಅಪ್ಪನಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಆದರೂ ಕಲ್ಲಿಗೆ ಕೈ ತಾಗಿಸದೆ, ಒಂದು ಗೇಣು ದೂರದಲ್ಲೇ ಬೆರಳು ಆಡಿಸುತ್ತ ಸಾಲು ಸಾಲು ತೋರಿಸಿದರು. ಗೂಡಿಗೆ ಕಾಗದ ಹಾಕಿ ಹಾಕಿ ಉಗುರಿನ ಸಂದಿಯಲ್ಲಿ ಕಪ್ಪು ಕೂತಿದ್ದ ಅದೇ ಬೆರಳು.

ಹಾಗಾಗಿ "ಈ ಹೆಸರು ರಾಜಕೀಯ, ಯಾರಿಗೂ ಬೇಕಿರಲಿಲ್ಲ" ಅಂತ ಯಾರಾದರೂ ಅಂದರೆ ನನಗೆ ನೋವಾಗುತ್ತೆ. ಬೇಕಿದ್ದವರು ಇದ್ದರು. ನಮ್ಮ ಮನೆಯಲ್ಲೇ ಒಬ್ಬರಿದ್ದರು.

ಆದರೆ ಅದೇ ಮನೆಯಲ್ಲಿ ಅವ್ವನೂ ಇದ್ದಳು. ಅವಳದೂ ಬಾದಾಮಿ ಕಡೆಯೇ. ಅವಳ ಬಾಯಲ್ಲಿ ಕೊನೆಯವರೆಗೂ "ಫ್ರೇಜರ ಟೌನ"ವೇ. ಅಪ್ಪ ತಿದ್ದಿದರೆ, "ಏನರ ಕರೀರಿ, ನಾ ಕಾಯಿಪಲ್ಯಾ ತರೂದು ಅದs ಗಾಡಿಯಿಂದ" ಅನ್ನುತ್ತಿದ್ದಳು. ಅರಸನ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದು, ಭಾಷೆ ಬಾರದ ಬೀದಿಯಲ್ಲಿ ದಾರಿ ತಪ್ಪಿ ಅಳುತ್ತ ನಿಂತಾಗ, ಅವಳಿಗೆ ಗೊತ್ತಿದ್ದ ಮಾತು ಅದೊಂದೇ. ಫ್ರೇಜರ್ ಟೌನ್ ಅಂದಳು, ಯಾರೋ ಪುಣ್ಯಾತ್ಮರು ಮನೆ ಮುಟ್ಟಿಸಿದರು. ಅಂಥ ಹೆಸರನ್ನು ಬಿಡು ಅಂದರೆ ಹೇಗೆ ಬಿಡುತ್ತಾಳೆ?

ಮುಂಭಾಗದಲ್ಲಿದ್ದ ಓನರ್ ಆಂಟಿಯ ಸಂಕಟ ಇನ್ನೊಂದು ತರಹದ್ದು. ಅವರ ಅಕ್ಕತಂಗಿಯರೆಲ್ಲ ಆಸ್ಟ್ರೇಲಿಯಾಕ್ಕೆ ಹೋಗಿಯಾಗಿತ್ತು, ಇಲ್ಲಿ ಉಳಿದವರು ಇವರೊಬ್ಬರೇ. ಹೊಸ ಬೋರ್ಡು ಬಂದ ವಾರ ಅವ್ವನ ಹತ್ತಿರ, ದಂಡಿನ ಕನ್ನಡದಲ್ಲಿ, "ಹೆಸ್ರು ತೆಗ್ದ್ರು, ಇನ್ನು ನಮ್ದೂಕೆ ತೆಗೀತಾರೇನಮ್ಮ?" ಅಂತ ಕೇಳಿದ್ದರು. ಅವ್ವ ಆಂಟಿಯ ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಅಪ್ಪನ ಖುಷಿ, ಆಂಟಿಯ ಭಯ, ಎರಡೂ ಒಂದೇ ಕಾಂಪೌಂಡಿನೊಳಗೆ ಇದ್ದವು. ಎರಡೂ ನಿಜವೇ ಆಗಿದ್ದವು.

ಇನ್ನು ಆ ಫ್ರೇಜರ್ ಯಾರು ಅಂತ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಸ್ಟುವರ್ಟ್ ಫ್ರೇಜರ್ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಚಿಕ್ಕಂದಿನಲ್ಲಿ ಗುರುವಾಗಿದ್ದವನು, ಆಮೇಲೆ ಮೈಸೂರಿನ ರೆಸಿಡೆಂಟ್, ಅಂದರೆ ಅರಸರ ಬಳಿ ಇಂಗ್ಲಿಷರ ಪ್ರತಿನಿಧಿ, ಆದವನು. 1898ರ ಪ್ಲೇಗು ಬೆಂಗಳೂರನ್ನು ನಡುಗಿಸಿತಲ್ಲ, ಪೇಟೆಯವರಿಗಾಗಿ ಮಲ್ಲೇಶ್ವರ, ಬಸವನಗುಡಿ ಹುಟ್ಟಿದ್ದು ಆಗಲೇ. ದಂಡಿನ ಇಕ್ಕಟ್ಟು ಕಡಿಮೆ ಮಾಡೋಕೆ ಅಂತ 1910ರಲ್ಲಿ ನಮ್ಮ ಬಡಾವಣೆ ಬಂತು, ಅವನ ಹೆಸರು ಇಟ್ಟರು. ಅವನಿಗೋಸ್ಕರ ಕಣ್ಣೀರು ಹಾಕುವವರನ್ನು ನಾನು ಇಲ್ಲಿ ಒಬ್ಬರನ್ನೂ ಕಂಡಿಲ್ಲ. ಫ್ರೇಜರ್ ಟೌನ್ ಅಂದರೆ ಇಲ್ಲಿಯವರಿಗೆ ನೆನಪಾಗುವುದು ಮಾಸ್ಕ್ ರೋಡಿನ ರಂಜಾನ್ ಸಂಜೆ, ಬೇಕರಿಯ ಮುಂದೆ ಗುಡ್ ಫ್ರೈಡೆ ಬನ್ನಿಗೆ ನಿಂತ ಕ್ಯೂ, ಪಾರ್ಕಿನ ದೊಡ್ಡ ಮರಗಳು. ಹೆಸರು ಇಂಗ್ಲಿಷರದ್ದು, ನೆನಪು ನಮ್ಮದು. "ಗುಲಾಮಿ ಮನಸ್ಸು" ಅಂತ ಗುಂಪಿನಲ್ಲಿ ಬೈದವರಿಗೆ ನಾನು ಹೇಳಬೇಕು ಅಂದುಕೊಂಡು ಅಳಿಸಿದ್ದು ಇದನ್ನೇ.

ಇಂಗ್ಲಿಷರು ಇಟ್ಟ ಹೆಸರು ಹೋಗೋದೇ ಇಲ್ಲ ಅಂತಲೂ ಅಲ್ಲ. ರಾಮನಗರಕ್ಕೆ ಒಂದು ಕಾಲದಲ್ಲಿ ಕ್ಲೋಸ್‌ಪೇಟೆ ಅಂತಿದ್ದರು, ಬ್ಯಾರಿ ಕ್ಲೋಸ್ ಅನ್ನೋ ಇನ್ನೊಬ್ಬ ರೆಸಿಡೆಂಟನ ಹೆಸರಲ್ಲಿ. ಈಗ ಆ ಹೆಸರು ಉಳಿದಿರೋದು ಭೂವಿಜ್ಞಾನದವರು ಹೇಳುವ ಕ್ಲೋಸ್‌ಪೇಟೆ ಗ್ರಾನೈಟಿನಲ್ಲಿ. ರಾಮದೇವರ ಬೆಟ್ಟ ಕಣ್ಣೆದುರಿಗೇ ನಿಂತಿದ್ದಾಗ ರಾಮನಗರ ಅನ್ನೋದಕ್ಕೆ ನಾಲಿಗೆ ತಿರುಗಲು ಎಷ್ಟು ಹೊತ್ತು? ಅದೇ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬಂತು. ಹೂಡಿಕೆ ಬರುತ್ತೆ, ಜಮೀನಿಗೆ ಬೆಲೆ ಬರುತ್ತೆ ಅಂದರು. ಬರಬಹುದು. ಆದರೆ ಆ ಬೆಟ್ಟದ ಬುಡದಲ್ಲಿ ಹುಟ್ಟಿ ಬೆಳೆದವರನ್ನು "ದಕ್ಷಿಣ" ಅನ್ನೋ ದಿಕ್ಕಿಗೆ ಸೇರಿಸಿಬಿಟ್ಟರಲ್ಲ ಅಂತ ನನಗೆ ಸಂಕಟವಾಯಿತು. ದಿಕ್ಕು ಯಾರ ಊರೂ ಅಲ್ಲ.

ನಮ್ಮ ಪಕ್ಕದ ಶಿವಾಜಿನಗರವನ್ನೇ ನೋಡಿ. ಹಳಬರು ಬ್ಲ್ಯಾಕ್‌ಪಳ್ಳಿ ಅನ್ನುತ್ತಿದ್ದರು. ಬಿಳಿ ಅಕ್ಕಿ ಬೆಳೆಯುತ್ತಿದ್ದ ಹಳ್ಳಿಯ ಹೆಸರೇ ದೊರೆಗಳ ಬಾಯಲ್ಲಿ ಹಾಗಾಯಿತು ಅಂತ ಹೇಳುವವರಿದ್ದಾರೆ. ಅಲ್ಲಿ ಹೊಸ ಹೆಸರು ಗಟ್ಟಿಯಾಗಿ ಕೂತಿತು. ಯಾಕೆ ಅಂದರೆ ಬಸ್ ಸ್ಟ್ಯಾಂಡ್ ಇತ್ತು. ಕಂಡಕ್ಟರುಗಳು ದಿನಾ ಬೆಳಗಿನಿಂದ ರಾತ್ರಿವರೆಗೆ "ಶಿವಾಜ್‌ನಗರ್ ಶಿವಾಜ್‌ನಗರ್" ಅಂತ ಕೂಗಿ ಕೂಗಿ ಅದನ್ನು ಊರಿನ ಕಿವಿಗೆ ಹಾಕಿದರು. ನಮ್ಮ ಪುಲಕೇಶಿನಗರಕ್ಕೆ ಅಂಥ ಬಸ್ ಸ್ಟ್ಯಾಂಡ್ ಇರಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ಬಂತು, 2008ರಿಂದ ವಿಧಾನಸಭಾ ಕ್ಷೇತ್ರಕ್ಕೆ ಬಂತು. ಅಂಚೆ ಕಚೇರಿ ಫ್ರೇಜರ್ ಟೌನ್ ಆಗಿಯೇ ಉಳಿಯಿತು, ಅಪ್ಪನಿಗೆ ಅದೊಂದು ಕೊರಗು. ಕಂಪ್ಲೇಂಟ್ ಕೊಡುವಾಗ, ಓಟು ಹಾಕುವಾಗ ಮಾತ್ರ ಬಾಯಿಗೆ ಬರುವ ಹೆಸರು ಹೇಗೆ ತಾನೇ ಪ್ರೀತಿಯ ಹೆಸರಾಗುತ್ತೆ?

ಅದನ್ನಾದರೂ ಸರಿಯಾಗಿ ಬರೆದರಾ? ಒಂದು ಬೋರ್ಡಿನಲ್ಲಿ ಪುಲಕೇಶಿ, ಇನ್ನೊಂದರಲ್ಲಿ ಪುಲಿಕೇಶಿ. ಅಪ್ಪನಿಗೆ ಎರಡನೆಯದನ್ನು ಕಂಡರೆ ಆಗುತ್ತಿರಲಿಲ್ಲ. ಮನೆಗೆ ಬಂದ ಯಾವ ಕಾಗದದಲ್ಲಿ "ಪುಲಿ" ಅಂತಿದ್ದರೂ, ಓದುವ ಮೊದಲು ಪೆನ್ನು ತೆಗೆದು ಆ "ಲಿ"ಯ ಗುಡಿಸು ಹೊಡೆದು ಹಾಕುತ್ತಿದ್ದರು. ಮದುವೆ ಕರೆಯೋಲೆಯಾದರೂ ಅಷ್ಟೇ, ಬಿಲ್ಲಾದರೂ ಅಷ್ಟೇ. ಅವರ ಟ್ರಂಕಿನಲ್ಲಿ ಈಗಲೂ ಅಂಥ ಲಕೋಟೆಗಳ ಒಂದು ಕಟ್ಟು ಇದೆ. ಯಾವುದು ಸರಿ ಅಂತ ವಿದ್ವಾಂಸರು ಹೇಳಲಿ. ಒಬ್ಬ ಅರಸನಿಗೆ ಗೌರವ ಕೊಡುತ್ತೇವೆ ಅಂದ ಮೇಲೆ, ಒಂದೇ ರಸ್ತೆಯಲ್ಲಿ ಎರಡು ತರಹ ಬರೆಯಬಾರದು. ಅಷ್ಟು ಶ್ರದ್ಧೆಯನ್ನಾದರೂ ಅಪ್ಪನಂಥವರು ಬಯಸಿದ್ದರು.

ಅಪ್ಪ ಹೋಗಿ ಆರು ವರ್ಷ ಆಯಿತು. ಶಿವಗಣಾರಾಧನೆಯ ಕಾರ್ಡಿನಲ್ಲಿ ಪುಲಕೇಶಿನಗರ ಅಂತಲೇ ಅಚ್ಚು ಹಾಕಿಸಬೇಕು ಅಂತ ನಾನು ಹಟ ಹಿಡಿದೆ. ಅವತ್ತು ಬೆಳಗ್ಗೆ ಆರು ಗಂಟೆಯಿಂದ ಫೋನು. "ಪುಲಕೇಶಿನಗರ ಎಲ್ಲಿ ಬರ್ತದವ್ವಾ? ಆಟೋದವನಿಗೆ ಗೊತ್ತಿಲ್ಲಂತ." ಊರಿಂದ ಬಂದ ದೊಡ್ಡಪ್ಪನ ಮಗ ಪೊಲೀಸ್ ಸ್ಟೇಷನ್ ಬಾಗಿಲಲ್ಲಿ ಇಳಿದಿದ್ದ. ನಾನೇ ಒಬ್ಬೊಬ್ಬರಿಗೂ "ಫ್ರೇಜರ್ ಟೌನ್ ಅನ್ನಿ, ಬಿಡ್ತಾರೆ" ಅಂತ ಹೇಳಬೇಕಾಯಿತು. ಒಳಗೆ ಅಪ್ಪನ ಫೋಟೋಕ್ಕೆ ವಿಭೂತಿ ಹಚ್ಚುತ್ತಿದ್ದರು, ಹೊರಗೆ ನಿಂತು ನಾನು ಅವರ ಹೆಸರನ್ನು ಬಿಟ್ಟು ಅವ್ವನ ಹೆಸರನ್ನು ಹೇಳುತ್ತಿದ್ದೆ. ಆ ಬೆಳಗ್ಗೆ ಆದ ಸಂಕಟವನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಹಾಗಾದರೆ ನಾನು ಯಾವ ಕಡೆ? ಕನ್ನಡದ ಹೆಸರು ಬೇಕು ಅನ್ನೋ ಕಡೆಯೇ. 2014ರ ನವೆಂಬರ್ 1ರಂದು ಬೆಳಗಾವಿ, ಕಲಬುರಗಿ, ಹುಬ್ಬಳ್ಳಿ ಅಂತ 12 ಊರುಗಳ ಹೆಸರು ಸರಿಹೋದಾಗ ಕುಣಿದವಳು ನಾನು. ಅಲ್ಸೂರ್ ಅಂತ ಬರೆದದ್ದನ್ನು ಹಲಸೂರು ಮಾಡಿದರೆ ಯಾರಿಗೂ ಏನೂ ಕಳೆದುಹೋಗಲ್ಲ, ಜನರ ಬಾಯಲ್ಲಿದ್ದದ್ದು ಬೋರ್ಡಿಗೆ ಬಂತು ಅಷ್ಟೇ. ನಮ್ಮಲ್ಲಿ ಆದದ್ದು ಬೇರೆ. ಇಲ್ಲಿ ಯಾರ ಬಾಯಲ್ಲೂ ಇಲ್ಲದ ಹೆಸರು ಬೋರ್ಡಿಗೆ ಬಂತು. ನಮ್ಮ ಕಾಂಪೌಂಡಿಗೆ ಯಾರೂ ಬಂದು ಏನನ್ನಬೇಕು ಅಂತ ಕೇಳಲಿಲ್ಲ. ಕೇಳಿದ್ದರೆ ಅಪ್ಪನೇ ಮನೆ ಮನೆಗೆ ಹೋಗಿ ಪುಲಕೇಶಿ ಯಾರು ಅಂತ ಕತೆ ಹೇಳಿ ಬರುತ್ತಿದ್ದರು. ಆಂಟಿಗೂ ಹೇಳುತ್ತಿದ್ದರು. ಆಂಟಿ ಬಹುಶಃ ಒಪ್ಪುತ್ತಲೂ ಇದ್ದರು, ಅಪ್ಪನ ಮಾತನ್ನು ಅವರು ಯಾವತ್ತೂ ತೆಗೆದುಹಾಕಿದವರಲ್ಲ.

ಈಗ ವಾಪಸ್ ಫ್ರೇಜರ್ ಟೌನ್ ಮಾಡಿ ಅನ್ನೋದನ್ನೂ ನಾನು ಒಪ್ಪಲ್ಲ. ಎರಡನೇ ಸಲ ಒರೆಸಿದರೆ ಅಪ್ಪನಂಥವರ ನೆನಪನ್ನು ಒರೆಸಿದ ಹಾಗೆ. ಕಾಕ್ಸ್ ಟೌನ್, ಕುಕ್ ಟೌನ್ ಬದಲಿಸಬೇಕು ಅನ್ನುವವರು ಮೊದಲು ಅಲ್ಲಿಯ ಬಾಗಿಲುಗಳನ್ನು ತಟ್ಟಲಿ, ಒಂದು ವರ್ಷ ಹಿಡಿದರೂ ಹಿಡಿಯಲಿ. ಮೆಟ್ರೊ ಗುಲಾಬಿ ಮಾರ್ಗದಲ್ಲಿ ನಮ್ಮ ಪಕ್ಕದ ನಿಲ್ದಾಣ ಪಾಟರಿ ಟೌನ್ ಅಂತ ಇದೆ. ಮಡಕೆ ಮಾಡುವವರ ಬೀದಿಯ ಹೆಸರು. ಮಾತು ಇಂಗ್ಲಿಷಾದರೂ ಇಲ್ಲಿ ಮಣ್ಣು ತುಳಿದವರ ಗುರುತು ಅದರಲ್ಲಿದೆ. ಅದನ್ನು ಯಾರೂ ಮುಟ್ಟದಿರಲಿ. ಬೆಂಗಳೂರಿಗೆ ಈಗ ಐದು ಪಾಲಿಕೆಗಳಾಗಿವೆ, ವಾರ್ಡುಗಳ ಗೆರೆಗಳನ್ನೂ ಹೊಸದಾಗಿ ಎಳೆದಿದ್ದಾರೆ. ಇನ್ನು ಮೇಲೆ ಹೆಸರಿಡುವ ಕೈಗಳು ಜಾಸ್ತಿಯಾಗುತ್ತವೆ, ಅದಕ್ಕೇ ಈಗ ಹೇಳುತ್ತಿದ್ದೇನೆ.

ಕೊನೆಯ ದಿನಗಳಲ್ಲಿ ಅಪ್ಪ ಒಂದು ಸಂಜೆ ಪಾರ್ಕಿನ ಬೆಂಚಿನ ಮೇಲೆ ಕೂತು ಒಂದು ಮಾತು ಕೇಳಿದ್ದರು. "ಫ್ರೇಜರ್ ಬರೂಕಿಂತ ಮೊದಲ ಇಲ್ಲೆ ಹೊಲ ಇದ್ವು, ಹಳ್ಳಿ ಇದ್ವು. ಅವಕ್ಕ ಏನಂತಿದ್ರವಾ?" ಅರಸನ ಹೆಸರು ಬಂದಾಗ ಅಷ್ಟು ಕುಣಿದ ಮನುಷ್ಯ ನಲವತ್ತು ವರ್ಷ ಇಲ್ಲಿ ಬಾಳಿದ ಮೇಲೆ ಕೇಳಿದ್ದು, ಈ ನೆಲ ಉತ್ತವರು ಇದನ್ನು ಏನಂತ ಕರೆದರು ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೋಲ್ಸ್ ಪಾರ್ಕ್, ಮಾಸ್ಕ್ ರೋಡ್, ಸೇಂಟ್ ಜಾನ್ಸ್ ಚರ್ಚ್ ರೋಡ್ ಸುತ್ತಮುತ್ತ ತಲೆಮಾರುಗಳಿಂದ ಇರುವವರು ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಟ್ರಂಕಿನಲ್ಲಿ 1910ಕ್ಕಿಂತ ಹಿಂದಿನ ಕ್ರಯಪತ್ರವೋ ಕಂದಾಯದ ರಸೀದಿಯೋ ಇದ್ದರೆ, ದಯವಿಟ್ಟು ಒಮ್ಮೆ ತೆಗೆದು ನೋಡಿ. ಮೇಲ್ಗಡೆ ಎಡಕ್ಕೋ ಬಲಕ್ಕೋ ಒಂದು ಗ್ರಾಮದ ಹೆಸರು ಬರೆದಿರುತ್ತಾರೆ. ಅದನ್ನು ಕೆಳಗೆ ಬರೆಯಿರಿ, ಇದ್ದ ಅಕ್ಷರದಲ್ಲೇ, ತಿದ್ದದೆ.