ಹಳೇ ಬೋಟಿಗೆ ಹೊಸ ಪರದೆ

18 ಅಡಿಯ ಹಳೇ ಫೈಬರ್ ಬೋಟು, ಹಿಂದೆ ಅದಕ್ಕಿಂತ ಹಳೇ ಔಟ್‌ಬೋರ್ಡ್ ಎಂಜಿನ್ನು, ಮುಂದೆ ಮಂಜು ಕಟ್ಟಿದ ಗಾಜಿನೊಳಗೆ ನಡುಗುವ ಮೂರು ಮುಳ್ಳು. ಪೆಟ್ರೋಲಿನ ಮುಳ್ಳಂತೂ ಅರ್ಧದ ಹತ್ತಿರ ಕೂತು ಎಷ್ಟೋ ಮಳೆಗಾಲ ಕಳೆದಿದೆ. ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡುವುದೇ ರೂಢಿ. ಇದನ್ನೆಲ್ಲ ಕಿತ್ತು 9 ಇಂಚಿನ ಒಂದು ಪರದೆ ಕೂರಿಸಿದರೆ ಆಳ, ವೇಗ, ಇಂಧನ, ಎಂಜಿನ್ನಿನ ಸುತ್ತು ಎಲ್ಲ ಅದರಲ್ಲೇ. ಪೆಟ್ಟಿಗೆಯ ಮೇಲೆ ನೀಲಿ ಸಮುದ್ರ, ಬಿಳಿ ಬೋಟು, ನಗುವ ಜನ. ಕೊಡಗಿನ ಹಾರಂಗಿ ಜಲಾಶಯದ ಹಿನ್ನೀರಿನ ಕೆಸರು, ಕಕ್ಕಡ ತಿಂಗಳ ಮಳೆ ಆ ಚಿತ್ರಕ್ಕೆ ಬಂದಿಲ್ಲ.

ಪರದೆ ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ. ಅದಕ್ಕೆ ಸರಿಯಾದ ಕರೆಂಟು ತಲುಪಿಸುವುದರಲ್ಲೇ ಇರುವುದು ಪೇಚಾಟ. ಕೊಡಗಿನಲ್ಲಿ ಈ ಕೆಲಸಕ್ಕೆ ಸುಲಭವಾಗಿ ಸಿಗುವವರು ಜೀಪಿನ ವೈರಿಂಗ್ ಮಾಡುವವರು. ಕೈ ಚುರುಕು, ಆದರೆ ಜೀಪಿನಲ್ಲಿ ಕಬ್ಬಿಣದ ಬಾಡಿಯೇ ಅರ್ತ್, ಅಂದರೆ ಕರೆಂಟು ವಾಪಸು ಹೋಗುವ ದಾರಿ. ನೆಗೆಟಿವ್ ತುದಿಯನ್ನು ಹತ್ತಿರದ ಬೋಲ್ಟಿಗೆ ಬಿಗಿದರೆ ಮುಗಿಯಿತು. ಫೈಬರ್ ಬೋಟಿನಲ್ಲಿ ಬೋಲ್ಟೇನೋ ಸಿಗುತ್ತದೆ, ಕರೆಂಟಿಗೆ ವಾಪಸು ದಾರಿ ಸಿಗುವುದಿಲ್ಲ. “ಡಬಲ್ ವೈರ್ ಯಾಕಣ್ಣಾ, ಸುಮ್ಮನೆ ದಂಡ” ಎಂದರೂ ಬಿಡಬಾರದು. ನೆಗೆಟಿವ್ ವೈರೂ ಬ್ಯಾಟರಿಯವರೆಗೆ ಹೋಗಲೇಬೇಕು.

ವೈರಿನ ದಪ್ಪಕ್ಕೂ ಲೆಕ್ಕ ಉಂಟು. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ 5 ಮೀಟರ್ ಎಂದರೆ ಹೋಗಿ ಬರಲು 10 ಮೀಟರ್. ಮನೆಯಲ್ಲಿ ಮಿಕ್ಕಿದ 1.5 ಚದರ ಮಿ.ಮೀ. ವೈರಿನಲ್ಲಿ 5 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 0.6 ವೋಲ್ಟ್ ಸೋರುತ್ತದೆ. 12 ವೋಲ್ಟಿನಲ್ಲಿ ಶೇ. 3, ಅಂದರೆ 0.36 ವೋಲ್ಟ್, ಮೀರಬಾರದು ಎಂಬುದು ರೂಢಿಯ ನಿಯಮ. 2.5ರ ವೈರು ಅಂಚಿನಲ್ಲಿ ಪಾಸಾಗುತ್ತದೆ. 4ರದ್ದು ಹಾಕಿದರೆ ನಿಶ್ಚಿಂತೆ. ತವರ ಲೇಪಿಸಿದ ತಾಮ್ರವೇ ಆಗಲಿ. ನಮ್ಮದು ಸಿಹಿನೀರು, ಉಪ್ಪಿನ ಕಾಟ ಇಲ್ಲ, ನಿಜ. ಆದರೆ ಬೀರುವಿನ ಬಟ್ಟೆಗೂ ಬೂಷ್ಟು ಹಿಡಿಸುವ ಹವೆಯಲ್ಲಿ, ತಿರುಚಿ ಕಪ್ಪು ಟೇಪು ಸುತ್ತಿದ ಜಾಯಿಂಟು ಮರುವರ್ಷಕ್ಕೆ ಹಸಿರು ಪುಡಿಯಾಗಿರುತ್ತದೆ. ವೈರಿನ ತುದಿಗೆ ಇಕ್ಕಳದಲ್ಲಿ ಒತ್ತುವ ಲೋಹದ ಲಗ್ಗು, ಅದರ ಮೇಲೆ ಒಳಮೈಗೆ ಅಂಟು ಬಳಿದ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ. ಬೇರೆ ಉಪಾಯ ಬೇಡ. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಪರದೆಯ ಹತ್ತಿರ ಅಲ್ಲ. ಅದು ಕಾಯಬೇಕಾದ್ದು ನಡುವಿನ ವೈರನ್ನು.

ಇಷ್ಟಾದರೂ ಸ್ಟಾರ್ಟ್ ಒತ್ತಿದ ಕೂಡಲೇ ಪರದೆ ಆರಿ ಮತ್ತೆ ಏಳಬಹುದು. ಸ್ಟಾರ್ಟರ್ ಎಳೆಯುವಾಗ ದಣಿದ ಬ್ಯಾಟರಿ 10 ವೋಲ್ಟಿನ ಕೆಳಗೆ ಕುಸಿಯುವುದೇ ಕಾರಣ. ಬೈಗುಳ ಮಾತ್ರ ಪರದೆಗೆ. ಪರದೆಗೇ ಒಂದು ಚಿಕ್ಕ ಬ್ಯಾಟರಿ ಇಟ್ಟು, ಎಂಜಿನ್ ಚಾರ್ಜ್ ಕೊಡುವಾಗ ಮಾತ್ರ ಎರಡನ್ನೂ ಕೂಡಿಸುವ ರಿಲೇ ಹಾಕಿದರೆ ತೊಂದರೆ ತೀರಿತು.

ಉಪಕರಣಗಳು ಪರಸ್ಪರ ಮಾತಾಡುವುದು ಎನ್‌ಎಂಇಎ 2000 ಎಂಬ ಬೋಟಿನ ಉಪಕರಣಗಳ ಮಾನದಂಡದ ಒಂದೇ ಕೇಬಲ್ಲಿನಲ್ಲಿ. ಅದರ ಎರಡೂ ತುದಿಗೆ 120 ಓಮ್‌ನ ಒಂದೊಂದು ಟರ್ಮಿನೇಟರ್, ಅಂದರೆ ತುದಿ ಮುಚ್ಚುವ ರೆಸಿಸ್ಟರ್. ಕರೆಂಟು ತೆಗೆದು ಎರಡು ಡೇಟಾ ವೈರುಗಳ ನಡುವೆ ಮಲ್ಟಿಮೀಟರ್ ಹಿಡಿದರೆ 60 ಓಮ್ ಬರಬೇಕು. 120 ಬಂದರೆ ಒಂದು ಟರ್ಮಿನೇಟರ್ ಇಲ್ಲ. 40 ಬಂದರೆ ಯಾರೋ ಮೂರನೆಯದನ್ನು ಸಿಕ್ಕಿಸಿದ್ದಾರೆ. ಪೆಟ್ರೋಲ್ ಟ್ಯಾಂಕಿನ ಮಟ್ಟವನ್ನು ಓಮ್‌ನಲ್ಲಿ ತಿಳಿಸುವ ಸೆಂಡರ್ ಇನ್ನೂ ಮಜವಾದದ್ದು. ಅಮೆರಿಕದ ಮಾದರಿ ಖಾಲಿಗೆ 240 ಓಮ್, ತುಂಬಿದರೆ 33. ಯುರೋಪಿನದು ಖಾಲಿಗೆ 10, ತುಂಬಿದರೆ 180. ಸೆಟ್ಟಿಂಗ್ ಅದಲುಬದಲಾದರೆ ಪೆಟ್ರೋಲ್ ಮುಗಿದಷ್ಟೂ ಪರದೆಯಲ್ಲಿ ಟ್ಯಾಂಕು ತುಂಬುತ್ತ ಹೋಗುತ್ತದೆ. ಇಂಥ ವರ ಯಾರಿಗೂ ಬೇಡ.

ನೀರಿಗೆ ಧ್ವನಿ ಕಳಿಸಿ ಪ್ರತಿಧ್ವನಿಯಿಂದ ಆಳ ಅಳೆಯುವ ಟ್ರಾನ್ಸ್‌ಡ್ಯೂಸರ್ ಬೋಟಿನ ಹಿಂಬದಿಯ ಹಲಗೆಗೆ, ಪ್ರೊಪೆಲ್ಲರಿನ ನೊರೆಯಿಂದ ಒಂದೂಕಾಲು ಅಡಿಯಾದರೂ ದೂರ, ತಳಕ್ಕಿಂತ ಕೂದಲೆಳೆ ಕೆಳಗೆ ಇರಬೇಕು. ಗುಳ್ಳೆಯ ನಡುವೆ ಸಿಕ್ಕಿದರೆ ನಿಂತಾಗ ಚೆನ್ನಾಗಿ ಓದಿ, ವೇಗ ಹೆಚ್ಚಿಸಿದ ಕೂಡಲೇ ಕುರುಡಾಗುತ್ತದೆ. ಹಳೇ ಬೋಟಿನ ಆ ಹಲಗೆಯ ಒಳಗೆ ಪ್ಲೈವುಡ್ ಇರುವುದೇ ಹೆಚ್ಚು. ಸ್ಕ್ರೂ ತೂತಿನಿಂದ ನೀರು ಇಳಿದರೆ ಹೊರಗೆ ಏನೂ ಕಾಣದೆ ಒಳಗೆ ಮರ ಕೊಳೆಯುತ್ತದೆ. ಆದ್ದರಿಂದ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂ ತೂತು ಕೊರೆಯಬೇಕು.

ಇನ್ನು ಪರದೆಯಲ್ಲಿ ಕಾಣುವ ನೀರಿನ ತಳದ ಚಿತ್ರ. ಬಂಡೆಯಾದರೆ ಗೆರೆ ದಪ್ಪ, ಪ್ರಖರ. ಕೆಳಗೆ ಎರಡನೇ ಪ್ರತಿಧ್ವನಿಯೂ ಕಾಣಬಹುದು. ಮೆತ್ತನೆ ಹೂಳಾದರೆ ಮಂಕು. 2018ರ ಭೂಕುಸಿತಗಳ ಮಣ್ಣು ಹಾರಂಗಿಗೆ ಇಳಿದ ಮೇಲೆ, ಹೂಳು ಎಲ್ಲಿದೆ ಎಂದು ಹೇಳುವ ಮಂಕು ಗೆರೆಗೂ ಬೆಲೆ ಬಂದಿದೆ. ಸಮುದ್ರದ ನಕ್ಷೆಗಳು ಇಲ್ಲಿ ಉಪಯೋಗಕ್ಕೆ ಬಾರವು; ಅನುಮತಿ ಪಡೆದು, ನಿಧಾನವಾಗಿ ಸಾಲು ಸಾಲಾಗಿ ಬೋಟು ಓಡಿಸಿ, ಪರದೆಯಲ್ಲೇ ನಮ್ಮ ನಕ್ಷೆ ಬರೆಸಿಕೊಳ್ಳಬೇಕು. ಬರೆಸಿದ ದಿನದ ಜಲಾಶಯದ ಮಟ್ಟವನ್ನು ಆ ಕಡತದ ಹೆಸರಿನಲ್ಲೇ ಸೇರಿಸಿಡಿ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ದಿನವೂ ಬರುತ್ತದೆ. ಪೂರ್ಣ ಮಟ್ಟ 2,859 ಅಡಿ. ಮಟ್ಟ 2,850 ಇದ್ದಾಗ 10 ಅಡಿ ಆಳದಲ್ಲಿದ್ದ ಬಂಡೆ, 2,842ಕ್ಕೆ ಇಳಿದಾಗ 2 ಅಡಿಯಲ್ಲಿರುತ್ತದೆ. ಹಳೆಯ ನಕ್ಷೆ ಆಗಲೂ 10 ಎಂದೇ ತೋರಿಸುತ್ತದೆ; ಆ 8 ಅಡಿಯನ್ನು ಕಳೆಯುವ ಕೆಲಸ ಓಡಿಸುವವರದ್ದು.