ಸತ್ಯಾಂಶ: ಮೂವತ್ತು ದಾಟಿದ ಜಲಾಂತರ್ಗಾಮಿ ಗುಜರಿಯೇ?

‘ಮೂವತ್ತು ವರ್ಷ ದಾಟಿದ ಜಲಾಂತರ್ಗಾಮಿ ಗುಜರಿಗೆ ಸಮ, ಆಧುನೀಕರಣವೆಂದರೆ ಬರೀ ಬಣ್ಣ ಬಳಿಯುವುದು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಇದು ತಪ್ಪು.

ಆಯಸ್ಸನ್ನು ಮುಖ್ಯವಾಗಿ ನಿರ್ಧರಿಸುವುದು ನೀರಿನ ಒತ್ತಡ ತಾಳುವ ಉಕ್ಕಿನ ಕವಚ. ಆಳಕ್ಕಿಳಿದಾಗಲೆಲ್ಲ ಅದು ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಂತಾಗುತ್ತದೆ. ಹೀಗೇ ವರ್ಷಾನುಗಟ್ಟಲೆ ನಡೆದರೆ ಉಕ್ಕು ದಣಿಯುತ್ತದೆ. ಉಪ್ಪುನೀರಿನ ತುಕ್ಕು ಬೇರೆ. ದೊಡ್ಡ ದುರಸ್ತಿಯಲ್ಲಿ ಕವಚ, ಬೆಸುಗೆಗಳನ್ನು ಪರೀಕ್ಷಿಸಿ, ಸವೆದ ಭಾಗ ಸರಿಪಡಿಸಿ, ಬ್ಯಾಟರಿ, ಶಬ್ದದ ಅಲೆಗಳಿಂದ ನೀರೊಳಗಿನ ವಸ್ತುಗಳನ್ನು ಪತ್ತೆಹಚ್ಚುವ ಸೋನಾರ್‌ನಂಥವನ್ನು ಬದಲಿಸುತ್ತಾರೆ. ಬಣ್ಣವನ್ನೂ ಬಳಿಯುತ್ತಾರೆನ್ನಿ, ಆದರೆ ಅದು ಕೊನೆಯ ಕೆಲಸ.

1988ರಲ್ಲಿ ಭಾರತೀಯ ನೌಕಾಪಡೆ ಸೇರಿದ ಸಿಂಧುವೀರ್ ವಿಶಾಖಪಟ್ಟಣದಲ್ಲಿ ನವೀಕರಣಗೊಂಡು, 2020ರಲ್ಲಿ ಮ್ಯಾನ್ಮಾರ್‌ನ ಮೊದಲ ಜಲಾಂತರ್ಗಾಮಿಯಾಯಿತು. ಹಾಗೆಂದು ಯಾವುದೂ ಚಿರಂಜೀವಿಯಲ್ಲ: ಅದೇ ವರ್ಗದ, 1987ರ ಸಿಂಧುಧ್ವಜ್ 35 ವರ್ಷ ದುಡಿದು 2022ರಲ್ಲಿ ನಿವೃತ್ತವಾಯಿತು.